ಹೌಸ್ ಸರ್ಜನ್ ಆಗಲಿರುವ ಗೆಳೆಯನಿಗೆ, ಕೋಲಾರದಿಂದ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಬಂದು ಹದಿನೈದು ದಿನಗಳಾದವು. ಉತ್ತರ ತಡವಾದದ್ದಕ್ಕೆ ಡ್ಯೂಟಿಯನ್ನು ದೂರಿದರೆ ನೀನು ನಂಬುತ್ತೀಯೆ, ಆದರೆ ನಿಜವಾದ ಕಾರಣ ಬೇರೆ: ನೀನು ಕೇಳಿದ ಪ್ರಶ್ನೆಗೆ ಪುಸ್ತಕದ ಉತ್ತರ ಬರೆಯಲು ಮನಸ್ಸಾಗಲಿಲ್ಲ. “ನನಗೇ ನನ್ನ ಮೇಲೆ ನಂಬಿಕೆಯಿಲ್ಲದಿರುವಾಗ ರೋಗಿ ನನ್ನನ್ನು ಯಾಕೆ ನಂಬಬೇಕು?” ಎಂದು ಕೇಳಿದ್ದೀಯೆ. ನೀಟ್ ಪರೀಕ್ಷೆಯನ್ನು ಮೂರು ಸಲ ಬರೆದು ಸೀಟು ಗಿಟ್ಟಿಸಿಕೊಂಡವನು, ತಿಪಟೂರಿನ ಪಿಯುಸಿ ತರಗತಿಯಲ್ಲಿ ನಮಗೆಲ್ಲ ಭೌತಶಾಸ್ತ್ರದ ಲೆಕ್ಕ ಹೇಳಿಕೊಡುತ್ತಿದ್ದವನು, ಎಂಬಿಬಿಎಸ್ ಓದು ಮುಗಿಸಿ ಒಂದು ವರ್ಷದ ತರಬೇತಿಗೆ (ಇಂಟರ್ನ್‌ಶಿಪ್ಪಿಗೆ) ತುಮಕೂರಿನಲ್ಲಿ ಹೌಸ್ ಸರ್ಜನ್ ಆಗಿ ಸೇರುವ ಹೊತ್ತಿಗೆ ಹೀಗೆ ಅಳುಕುತ್ತಿರುವುದನ್ನು ಓದಿ ನನಗೆ ಒಂದು ಬಗೆಯ ಸಮಾಧಾನವೇ ಆಯಿತು. ಅಳುಕಿಲ್ಲದೆ ಬಂದವರನ್ನು ಇಲ್ಲಿ ನೋಡಿದ್ದೇನೆ. ಅವರ ಜೊತೆ ರಾತ್ರಿ ಡ್ಯೂಟಿ ಬಿದ್ದರೆ ನನಗೆ ಭಯವಾಗುತ್ತದೆ.

ಈ ಪತ್ರವನ್ನು ಎಲ್ಲರೂ ಓದುವಂತೆ ಹಾಕುತ್ತೇನೆಂದು ಫೋನಿನಲ್ಲಿ ಹೇಳಿದಾಗ ನೀನು ಒಪ್ಪಿದೆ. ಹಾಗಾಗಿ ರೋಗಿಗಳ ಊರು, ವಯಸ್ಸು, ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ನನ್ನ ತಪ್ಪುಗಳನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ.

ಮೊದಲು ಹೆಸರಿನ ಮಾತು. ಹೌಸ್ ಸರ್ಜನ್ ಆಗಿದ್ದಾಗ ಇಡೀ ವರ್ಷ ನನ್ನನ್ನು ವಾರ್ಡಿನಲ್ಲಿ ಎಲ್ಲರೂ “ಸಿಸ್ಟರ್” ಎಂದೇ ಕರೆದರು. ಬೆಳಿಗ್ಗೆ ಎದೆಯ ಮೇಲೆ ಸ್ಟೆಥಾಸ್ಕೋಪ್ ಇಟ್ಟು ಕೇಳಿ, ಹೊಟ್ಟೆ ಮುಟ್ಟಿ ನೋಡಿ, ಕೇಸ್ ಶೀಟ್ ಬರೆದು ಮುಗಿಸಿದ ಮೇಲೆ “ಸರಿ ಸಿಸ್ಟರ್, ಡಾಕ್ಟ್ರು ಯಾವಾಗ ಬರ್ತಾರೆ?” ಎಂಬ ಪ್ರಶ್ನೆ. ನಿನಗೆ ಈ ತೊಂದರೆ ಬರುವುದಿಲ್ಲ. ನೀನು ಮೊದಲ ದಿನದಿಂದಲೇ “ಸಾರ್” ಆಗುತ್ತೀಯೆ, ಅದೂ ಇನ್ನೊಂದು ಬಗೆಯ ತೊಂದರೆ. ಮೊದಮೊದಲು ನಾನು ಸಿಟ್ಟಿನಿಂದ ತಿದ್ದುತ್ತಿದ್ದೆ. ಆಮೇಲೆ ಹೊಳೆಯಿತು, ನಾನು ಯಾರೆಂದು ಅವರಿಗೆ ಹೇಳಿಯೇ ಇರಲಿಲ್ಲ. ಕೊರಳಲ್ಲಿ ನೇತಾಡುವ ಗುರುತಿನ ಚೀಟಿಯಲ್ಲಿ ಇಂಗ್ಲಿಷಿನಲ್ಲಿದ್ದ ಹೆಸರನ್ನು ಓದಿಕೊಳ್ಳಲಿ ಎಂದು ನಿರೀಕ್ಷಿಸುವುದು ನಮ್ಮ ಸೊಕ್ಕು. ಅಂದಿನಿಂದ ಪ್ರತಿ ಹಾಸಿಗೆಯ ಬಳಿ ನನ್ನ ಹೆಸರು ಹೇಳಿ, “ನಾನು ಡಾಕ್ಟರ್, ಓದು ಮುಗಿಸಿ ಇಲ್ಲಿ ತರಬೇತಿಯಲ್ಲಿದ್ದೇನೆ, ದೊಡ್ಡ ಡಾಕ್ಟರಿಗೆ ಕೇಳಿಯೇ ಔಷಧಿ ಬದಲಿಸುತ್ತೇನೆ” ಎನ್ನತೊಡಗಿದೆ. ತರಬೇತಿ ಎಂದರೆ ಜನ ಹೆದರುತ್ತಾರೆಂದು ನನ್ನ ಜೊತೆಯವರು ಎಚ್ಚರಿಸಿದ್ದರು. ಹೆದರಿದವರು ಕೆಲವರು ಇದ್ದದ್ದು ನಿಜ. ಆದರೆ ಹೆಚ್ಚಿನವರು ಮಾಡಿದ್ದೇನೆಂದರೆ ನನ್ನ ಊರು ಯಾವುದು, ತಂದೆ ಏನು ಮಾಡುತ್ತಾರೆ, ಊಟ ಆಯಿತೇ ಎಂದು ವಿಚಾರಿಸಿದ್ದು.

ಒಬ್ಬ ಅಜ್ಜಿಯ ಕೈಗೆ ಡ್ರಿಪ್ಪಿನ ಕೊಳವೆ, ಅಂದರೆ ಕ್ಯಾನುಲಾ, ಹಾಕಲು ಹೋಗಿ ಎರಡು ಸಲ ನರ ತಪ್ಪಿಸಿದೆ. ಮೂರನೆಯ ಸಲ ನರ ಉಬ್ಬಲೆಂದು ತೋಳಿಗೆ ಟೂರ್ನಿಕೇ ಪಟ್ಟಿ ಕಟ್ಟುವಾಗ ಅವರು ನನ್ನ ಮಣಿಕಟ್ಟು ಹಿಡಿದು, “ನಿನ್ನ ಕೈಯೇ ನಡುಗ್ತಾ ಐತಲ್ಲ ಪಾಪ, ಒಸಿ ನೀರು ಕುಡ್ದು ಬಾ, ನಾನೆಲ್ಲಿ ಓಡೋಗ್ತೀನಿ” ಎಂದರು. ನೀರು ಕುಡಿದು ಬಂದು, ಮತ್ತೆ ಚುಚ್ಚದೆ, ನರ್ಸ್ ಒಬ್ಬರನ್ನು ಕರೆದೆ. ಅವರು ಒಂದೇ ಸಲಕ್ಕೆ ಹಾಕಿದರು. ಎರಡು ಸಲ ತಪ್ಪಿದರೆ ಬೇರೆಯವರನ್ನು ಕರೆಯುವುದು ನನ್ನ ನಿಯಮವಾದದ್ದು ಆ ದಿನದಿಂದ. ಆ ನರ್ಸ್ ಇಪ್ಪತ್ತು ವರ್ಷಗಳಿಂದ ಅದೇ ವಾರ್ಡಿನಲ್ಲಿರುವವರು. ಅವರನ್ನು ಕರೆಯುವುದು ಅವಮಾನವೆಂದು ನಿನಗನ್ನಿಸಿದ ದಿನ, ನಿನ್ನ ಮರ್ಯಾದೆಯ ಖರ್ಚನ್ನು ರೋಗಿಯ ಕೈ ಭರಿಸುತ್ತಿದೆ ಎಂಬುದು ನೆನಪಿರಲಿ.

ಭಾಷೆಯ ವಿಷಯದಲ್ಲಿ ನಿನಗಿಂತ ನನಗೆ ಹೆಚ್ಚು ಕಷ್ಟವಿತ್ತು. ಶ್ರೀನಿವಾಸಪುರ, ಮುಳಬಾಗಿಲು ಕಡೆಯಿಂದ ಬರುವ ಹಿರಿಯರು ಮನೆಯಲ್ಲಿ ತೆಲುಗು ಆಡುವವರು. ಕನ್ನಡ ಚೆನ್ನಾಗಿಯೇ ಬಂದರೂ ನೋವು ಬಂದಾಗ ಬಾಯಿಂದ ತೆಲುಗೇ ಹೊರಡುತ್ತದೆ. “ನೊಪ್ಪಿ”, “ಆಯಾಸಂ” ಎಂಬೆರಡು ಪದಗಳನ್ನು ಕಲಿಯಲು ನನಗೆ ಒಂದು ದಿನ ಸಾಕಾಯಿತು, ಆದರೆ ಅವರ “ಆಯಾಸಂ” ಎಂಬುದು ಉಬ್ಬಸವೋ ಸುಸ್ತೋ ಎಂದು ಬಿಡಿಸಿ ಕೇಳುವುದನ್ನು ಕಲಿಯಲು ಮೂರು ತಿಂಗಳು ಹಿಡಿಯಿತು. ತಿಪಟೂರಿನ ಹುಡುಗಿಯ ತೆಲುಗು ಕೇಳಿ ವಾರ್ಡಿಗೆ ವಾರ್ಡೇ ನಗುತ್ತಿತ್ತು. ನಗಲಿ ಎಂದು ಬಿಟ್ಟೆ. ನಕ್ಕವರು ಆಮೇಲೆ ತಿದ್ದಿದರು, ತಿದ್ದಿದವರು ಮಾತನಾಡತೊಡಗಿದರು.

ಈಗ ನಿನಗೆ ಹೇಳಲೇಬೇಕೆಂದುಕೊಂಡಿದ್ದ ಘಟನೆಗೆ ಬರುತ್ತೇನೆ. ಇಂಟರ್ನ್‌ಶಿಪ್ಪಿನ 12 ತಿಂಗಳಲ್ಲಿ ಸಮುದಾಯ ವೈದ್ಯಕೀಯಕ್ಕೆ 12 ವಾರ ಇರುವಾಗ ತುರ್ತು ಚಿಕಿತ್ಸೆಯ ಕ್ಯಾಶುವಾಲ್ಟಿಗೆ ಇರುವುದು ಎರಡೇ ವಾರ, ಆದರೆ ನಾನು ಕಲಿತದ್ದರಲ್ಲಿ ಅರ್ಧ ಆ ಎರಡು ವಾರದ್ದು. ಮುಂಗಾರು ಆಗಷ್ಟೇ ಶುರುವಾಗಿತ್ತು. ರಾತ್ರಿ ಎಂಟರ ಹೊತ್ತಿಗೆ, ಹಸುಗಳಿಗೆ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಪಾದಕ್ಕೆ ಹಾವು ಕಚ್ಚಿತೆಂದು ಒಬ್ಬ ತಾಯಿಯನ್ನು ಟೆಂಪೋದಲ್ಲಿ ಕರೆತಂದರು. ಜೊತೆಗೆ ಮಗ, ಇಬ್ಬರು ಚಿಕ್ಕಪ್ಪಂದಿರು, ಊರಿನ ಒಬ್ಬ ಹಿರಿಯರು. ಯಾವಾಗ ಕಚ್ಚಿತು ಎಂದರೆ “ಏಳು ಗಂಟೆಗೆ” ಎಂದರು. ಹಾವನ್ನು ಯಾರೂ ಸರಿಯಾಗಿ ನೋಡಿರಲಿಲ್ಲ.

ನಿನಗೆ ಗೊತ್ತಿರುವ ಹಾಗೆ ಕೊಳಕುಮಂಡಲ ಹಾವಿನ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ತಿಂದುಹಾಕುತ್ತದೆ. ಅದನ್ನು ತಿಳಿಯಲು ದೊಡ್ಡ ಯಂತ್ರ ಬೇಡ. ಎರಡು ಮಿಲಿಲೀಟರ್ ರಕ್ತವನ್ನು ಸ್ವಚ್ಛವಾದ, ಒಣಗಿದ, ಹೊಸ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಒಂದೇ ಸಲ ಬಾಗಿಸಿ ನೋಡಬೇಕು. ಪ್ಲಾಸ್ಟಿಕ್ ಆಗಬಾರದು, ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬೂ ಆಗಬಾರದು, ಎರಡರಲ್ಲೂ ಉತ್ತರ ಸುಳ್ಳಾಗುತ್ತದೆ. ಇಷ್ಟೆಲ್ಲ ಎಚ್ಚರಿಕೆಯಿಂದ ಮಾಡಿದೆ. ಟ್ಯೂಬ್ ಬಾಗಿಸಿದಾಗ ರಕ್ತ ಗಡ್ಡೆಯಾಗಿತ್ತು. ಸಂತೋಷದಲ್ಲಿ ನಾನು ಹೊರಗೆ ಹೋಗಿ ಆ ಮಗನಿಗೆ, “ಏನೂ ಆಗಿಲ್ಲಪ್ಪ, ವಿಷ ಏರಿಲ್ಲ, ಧೈರ್ಯವಾಗಿರಿ” ಎಂದೆ.

ಪರೀಕ್ಷೆ ಮಾಡಿದ್ದರಲ್ಲಿ ತಪ್ಪಿರಲಿಲ್ಲ. ಆಮೇಲೆ ಗಂಟೆಗೊಮ್ಮೆ ಮತ್ತೆ ನೋಡಬೇಕೆಂಬುದು ನನಗೆ ಗೊತ್ತಿತ್ತು, ನೋಡುತ್ತಲೂ ಇದ್ದೆ. ತಪ್ಪಿದ್ದು ಆ ಮಾತಿನಲ್ಲಿ. ಅದನ್ನು ಕೇಳಿ ಆ ಹುಡುಗ ಊರಿಗೆ ಫೋನ್ ಮಾಡಿ ಅಮ್ಮನಿಗೆ ಏನೂ ಇಲ್ಲವೆಂದ. ಟೆಂಪೋವನ್ನೂ ಹಿರಿಯರನ್ನೂ ವಾಪಸು ಕಳಿಸಿದ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಬೇಕಲ್ಲ ಎಂದು ಚಿಕ್ಕಪ್ಪಂದಿರೂ ಹೊರಟರು. ರಾತ್ರಿ ಹತ್ತೂವರೆಗೆ ನಾನು ಮೂರನೆಯ ಟ್ಯೂಬನ್ನು ಬಾಗಿಸಿದಾಗ ರಕ್ತ ನೀರಿನಂತೆ ಹರಿಯಿತು. ಅಷ್ಟರಲ್ಲಿ ಊತ ಮೊಣಕಾಲಿನ ಹತ್ತಿರಕ್ಕೆ ಬಂದಿತ್ತು, ವಸಡಿನಿಂದ ರಕ್ತ ಜಿನುಗುತ್ತಿತ್ತು.

“ಏನೂ ಇಲ್ಲ ಅಂದ್ರಲ್ಲ ಮೇಡಂ?” ಎಂದು ಅವನು ಕೇಳಿದಾಗ ಅವನ ದನಿ ಏರಿತ್ತು. ಸೆಕ್ಯುರಿಟಿಯವರು ಎದ್ದು ನಿಂತರು. ಆ ಗಳಿಗೆಯಲ್ಲಿ ಹೇಳಬಹುದಾದ ಹಲವು ಮಾತುಗಳು ನನ್ನ ನಾಲಿಗೆಯ ತುದಿಗೆ ಬಂದವು: ವಿಷ ಕೆಲವು ಸಲ ತಡವಾಗಿ ಏರುತ್ತದೆ, ನಾವು ಪ್ರೋಟೋಕಾಲ್ ಪ್ರಕಾರವೇ ಮಾಡಿದ್ದೇವೆ, ನೀವು ಇಲ್ಲಿ ಕೂಗಾಡುವಂತಿಲ್ಲ. ಮೂರೂ ಸತ್ಯ, ಮೂರೂ ನನ್ನ ರಕ್ಷಣೆಗೆ. ಡ್ಯೂಟಿಯಲ್ಲಿದ್ದ ಪಿಜಿ, ಅಂದರೆ ಸ್ನಾತಕೋತ್ತರ ಓದಿನಲ್ಲಿರುವ ಹಿರಿಯ ಡಾಕ್ಟರ್, ಹಿಂದೆ ನಿಂತು ಸುಮ್ಮನೆ ನನ್ನನ್ನೇ ನೋಡುತ್ತಿದ್ದರು. ನಾನು ಹೇಳಿದೆ: “ನಾನು ಹಾಗೆ ಹೇಳಬಾರದಿತ್ತು. ಮೊದಲ ಸಲ ರಕ್ತ ಹೆಪ್ಪುಗಟ್ಟಿತ್ತು, ಈಗ ಗಟ್ಟುತ್ತಿಲ್ಲ. ಹೀಗಾಗುವ ಸಾಧ್ಯತೆಯನ್ನು ಆಗಲೇ ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ, ಅದು ನನ್ನ ತಪ್ಪು. ಈಗ ವಿಷನಿರೋಧಕ ಹತ್ತು ಬಾಟಲಿ ಡ್ರಿಪ್ಪಿನಲ್ಲಿ ಕೊಡುತ್ತೇವೆ. ಅದರಿಂದಲೂ ತುರಿಕೆ, ಚಳಿ, ಉಸಿರಾಟದ ತೊಂದರೆ ಆಗಬಹುದು. ಆದರೆ ಅದಕ್ಕೆ ಬೇಕಾದ ಇಂಜೆಕ್ಷನ್ ಸಿರಿಂಜಿನಲ್ಲಿ ತುಂಬಿ ಪಕ್ಕದಲ್ಲೇ ಇಟ್ಟಿರುತ್ತೇವೆ. ಅದು ಮುಗಿಯುವವರೆಗೆ ನಾನು ಈ ಹಾಸಿಗೆ ಬಿಟ್ಟು ಹೋಗುವುದಿಲ್ಲ.”

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬಾಗಿಲ ಕಡೆಗೊಮ್ಮೆ ನೋಡಿ, ತಗ್ಗಿದ ದನಿಯಲ್ಲಿ, ಕಚ್ಚಿದ್ದು ಏಳಕ್ಕಲ್ಲ, ಐದೂವರೆಗೆ ಎಂದ. ಮೊದಲು ಮಂತ್ರ ಹಾಕುವವರ ಬಳಿ ಕರೆದೊಯ್ದಿದ್ದರು, ಅಲ್ಲಿ ಹಗ್ಗ ಬಿಗಿದು ಬ್ಲೇಡಿನಲ್ಲಿ ಗೀರಿದ್ದರು. ಹಿಂದೊಮ್ಮೆ ಬೇರೊಂದು ಆಸ್ಪತ್ರೆಯಲ್ಲಿ ಇದೇ ಮಾತನ್ನು ನಿಜ ಹೇಳಿದ್ದಕ್ಕೆ ಎಲ್ಲರೆದುರು ಬೈಸಿಕೊಂಡಿದ್ದರಂತೆ, ಅದಕ್ಕೆ ಈ ಸಲ ಮುಚ್ಚಿಟ್ಟರು. ಹಗ್ಗದ ಗುರುತನ್ನೂ ಆ ಗೀರನ್ನೂ ನಾನು ಪೊದೆಯ ಮುಳ್ಳು ಪರಚಿದ್ದೆಂದುಕೊಂಡಿದ್ದೆ!

ಯೋಚಿಸಿ ನೋಡು. 2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿದ ಮೇಲೆ ಪ್ರತಿಯೊಂದು ಪ್ರಕರಣವನ್ನೂ ನಾವು ವರದಿ ಮಾಡಬೇಕು. ಕಚ್ಚಿದ ಹೊತ್ತೇ ಸುಳ್ಳಾದರೆ ಚಿಕಿತ್ಸೆಯೂ ಸುಳ್ಳಿನ ಮೇಲೆ ನಡೆಯುತ್ತದೆ, ಲೆಕ್ಕವೂ ಸುಳ್ಳಾಗುತ್ತದೆ. ನಂಬಿಕೆ ಎಂದರೆ ರೋಗಿ ಡಿಸ್ಚಾರ್ಜ್ ಆಗುವಾಗ ಕೈ ಮುಗಿಯುವುದು ಎಂದು ನಾನು ತಿಳಿದಿದ್ದೆ. ಸರಿಯಾದ ಹಿಸ್ಟರಿ, ಅಂದರೆ ಕಾಯಿಲೆಯ ನಿಜವಾದ ಹಿನ್ನೆಲೆ, ಸಿಗುವುದೇ ಅದರಿಂದ ಎಂದು ಆ ರಾತ್ರಿ ತಿಳಿಯಿತು. ಅವನು ನಿಜ ಹೇಳಲು ನಾನು ಮೊದಲು ನಿಜ ಹೇಳಬೇಕಾಯಿತು, ಅಷ್ಟೇ.

ಬೆಳಗಿನ ಜಾವ ಮತ್ತೆ ನೋಡಿದಾಗಲೂ ರಕ್ತ ಹೆಪ್ಪುಗಟ್ಟಿರಲಿಲ್ಲ. ಇನ್ನೂ ಹತ್ತು ಬಾಟಲಿ ಕೊಡಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಗಟ್ಟಿಯಾಯಿತು. ಅವರ ನಾದಿನಿ ಬಂದು, ಕೋಲಾರಮ್ಮನ ಗುಡಿಯಲ್ಲಿರುವ ಚೇಳಮ್ಮನಿಗೆ ಹರಕೆ ಹೊತ್ತಿದ್ದೇವೆ, ಕರೆದುಕೊಂಡು ಹೋಗಿ ಬರಬಹುದೇ ಎಂದು ಕೇಳಿದರು. ನನ್ನ ಜೊತೆಯ ಹುಡುಗನೊಬ್ಬ, ಅದು ಚೇಳಿನ ದೇವಿ ಅಲ್ಲವೇ, ಕಚ್ಚಿದ್ದು ಹಾವು ಎಂದು ನಕ್ಕ. ಪಿಜಿ ಮಾತ್ರ ನಗದೆ, “ಹೋಗಿ ಬನ್ನಿ, ಆದರೆ ಮನೆಗೆ ಕಳಿಸಿದ ಮೇಲೆ, ಅಲ್ಲಿಯವರೆಗೆ ಕಾಲು ಊರಿಸಬೇಡಿ” ಎಂದರು. ಅವರು ಹೇಳಿದ ರೀತಿ ನನಗೆ ಇವತ್ತಿಗೂ ಬರುವುದಿಲ್ಲ.

ಚೇಳಿನ ಮಾತು ಬಂದದ್ದಕ್ಕೆ ಒಂದು ಸಣ್ಣ ಅಡ್ಡದಾರಿ. ಮಹಾರಾಷ್ಟ್ರದ ಮಹಾಡ್‌ನಲ್ಲಿ ಕೆಲಸ ಮಾಡಿದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಚೇಳು ಕುಟುಕಿದವರಿಗೆ ರಕ್ತದೊತ್ತಡ ಇಳಿಸುವ ಪ್ರಾಝೋಸಿನ್ ಮಾತ್ರೆ ಕೊಡಬಹುದೆಂದು 1986ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅದು ಪ್ರಯೋಗಶಾಲೆಯಿಂದ ಹುಟ್ಟಿದ ತಿಳಿವಳಿಕೆಯಲ್ಲ; ಹಳ್ಳಿಯ ರೋಗಿಗಳ ಪಕ್ಕದಲ್ಲಿ ಕೂತು, ಗಂಟೆಗೊಮ್ಮೆ ನಾಡಿ, ರಕ್ತದೊತ್ತಡ ನೋಡಿ ಬರೆದಿಟ್ಟುಕೊಂಡದ್ದರಿಂದ ಬಂದದ್ದು. ಹಾಸಿಗೆಯ ಪಕ್ಕ ಕೂರುವುದನ್ನು ನಾವು ಕರುಣೆಯ ಲೆಕ್ಕಕ್ಕೆ ಹಾಕುತ್ತೇವೆ, ನಾನದನ್ನು ಕಸುಬಿನ ಲೆಕ್ಕಕ್ಕೆ ಹಾಕುತ್ತೇನೆ.

“ಏನೂ ಆಗಲ್ಲ” ಎಂಬ ಮಾತನ್ನು ನಾನು ಬಿಟ್ಟೆ. ಅದರ ಬದಲು ಈಗ ಮೂರು ವಿಷಯ ಹೇಳುತ್ತೇನೆ: ಈ ಹೊತ್ತಿಗೆ ಏನು ಕಾಣುತ್ತಿದೆ, ಮುಂದೆ ಏನೇನಾಗಬಹುದು, ಮತ್ತೆ ಎಷ್ಟು ಗಂಟೆಗೆ ಬಂದು ನೋಡುತ್ತೇನೆ. ಮೂರನೆಯದೇ ಕಷ್ಟ. ನಾಲ್ಕಕ್ಕೆ ಬರುತ್ತೇನೆಂದರೆ ನಾಲ್ಕಕ್ಕೆ ಹೋಗಬೇಕು. ಇನ್ನೊಂದು ಎಮರ್ಜೆನ್ಸಿ ಬಂದರೆ ಯಾರ ಮೂಲಕವಾದರೂ ಹೇಳಿ ಕಳಿಸಬೇಕು. ವಾರ್ಡಿನಲ್ಲಿ ಮಲಗಿದವರಿಗೆ ಕಾಯುವುದೊಂದೇ ಕೆಲಸ, ಹಾಗಾಗಿ ನಾವು ಹೇಳಿದ ಹೊತ್ತನ್ನು ನಾವು ಮರೆತರೂ ಅವರು ಮರೆಯುವುದಿಲ್ಲ. ರಿಪೋರ್ಟ್ ಬಂದಿಲ್ಲ ಎಂದು ಹೇಳುವುದಕ್ಕೂ ಹೋಗಬೇಕು. ಹೇಳಲು ಏನೂ ಇಲ್ಲದಿದ್ದಾಗ ಹೋಗದೆ ಉಳಿಯುವುದನ್ನು ನಾನು ತುಂಬ ದಿನ ಮಾಡಿದ್ದೇನೆ, ಅದನ್ನು ಅವರು ನಾವು ಏನೋ ಮುಚ್ಚಿಡುತ್ತಿದ್ದೇವೆ ಎಂದೇ ಓದಿಕೊಳ್ಳುತ್ತಾರೆ.

ಇನ್ನು ಗೊತ್ತಿಲ್ಲದ ಪ್ರಶ್ನೆಗಳು. ಇಲ್ಲಿ ಎಲ್ಲ ಮಾತೂ ಕೊನೆಗೆ ನೀರಿಗೆ ಬಂದು ನಿಲ್ಲುತ್ತದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಅದಕ್ಕೂ ಹಿಂದಿನಿಂದ ಇಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಕಾಟವಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬ ಮಿತಿಯನ್ನು ಇಲ್ಲಿನ ಶಾಲಾ ಮಕ್ಕಳು ಹಲ್ಲಿನ ಕಂದು ಗೆರೆಗಳ ಮೂಲಕ ಕಲಿತಿದ್ದಾರೆ. ಕಿಡ್ನಿ ತೊಂದರೆಯವರು, ಮಂಡಿನೋವಿನವರು, ಕೂದಲು ಉದುರುವವರು, ಎಲ್ಲರೂ “ನೀರಿಂದಾನಾ ಮೇಡಂ?” ಎಂದು ಕೇಳುತ್ತಾರೆ. ಹೌದೆಂದರೆ ಅವರಿಗೆ ಸಂತೋಷ, ಅಲ್ಲವೆಂದರೆ ನಾನು ಸರ್ಕಾರದ ಕಡೆಯವಳು. “ನಿಮ್ಮ ಕಿಡ್ನಿಗೆ ಈಗ ಗೊತ್ತಿರುವ ಕಾರಣ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ನೀರಿನ ವಿಷಯ ನಾನು ಪರೀಕ್ಷೆ ಮಾಡದೆ ಹೇಳಲಾರೆ” ಎನ್ನುತ್ತೇನೆ. ಕೆಲವರಿಗೆ ಇದು ಹಿಡಿಸುವುದಿಲ್ಲ.

ಗುಟ್ಟಿನ ವಿಷಯದಲ್ಲಿ ನಿನ್ನನ್ನು ಗಟ್ಟಿಯಾಗಿ ಎಚ್ಚರಿಸಬೇಕು. ನಮ್ಮಂಥ ಊರುಗಳಲ್ಲಿ ವಾರ್ಡ್ ಬಾಯ್, ಆಟೋದವರು, ಲ್ಯಾಬಿನವರು, ಪಕ್ಕದ ಹಾಸಿಗೆಯವರು ಎಲ್ಲರೂ ಯಾವುದೋ ದಾರಿಯಲ್ಲಿ ನೆಂಟರೇ. ಎಚ್‌ಐವಿ ಇದ್ದ ಒಬ್ಬ ಯುವಕನ ವಿಷಯವನ್ನು ಅವನ ಊರಿನ ಆಟೋ ಚಾಲಕರು ಬಹಳ ವಿಶ್ವಾಸದಿಂದ, “ನಮ್ಮ ಹುಡುಗನೇ ಮೇಡಂ, ಏನಂತೆ?” ಎಂದು ಕೇಳಿದರು. ಅವನನ್ನು ಕರೆತಂದವರು ಅವರೇ, ಡ್ರಿಪ್ ಹಿಡಿದು ನಿಂತವರೂ ಅವರೇ. “ಅವನನ್ನೇ ಕೇಳಿ” ಎಂದದ್ದಕ್ಕೆ ಅವರಿಗೆ ನೋವಾಯಿತು. 2017ರ ಎಚ್‌ಐವಿ ಕಾಯ್ದೆ ಇಂಥದ್ದನ್ನು ಒಪ್ಪಿಗೆಯಿಲ್ಲದೆ ಹೊರಗೆ ಹೇಳಬಾರದೆಂದು ಕಟ್ಟಪ್ಪಣೆ ಮಾಡುತ್ತದೆ, ಆದರೆ ಕಾಯ್ದೆ ಓದಿದ್ದರಿಂದ ನಾನು ಬಾಯಿ ಮುಚ್ಚಿಕೊಳ್ಳಲಿಲ್ಲ. ಆ ಹುಡುಗ ಎರಡು ಹಾಸಿಗೆಯಾಚೆಯಿಂದ ನನ್ನ ತುಟಿಗಳನ್ನೇ ನೋಡುತ್ತಿದ್ದ. ಹೊರಗಿನವರಿಗೆ ಹೇಳದಿರುವುದು ಸುಲಭ, ನಮ್ಮೊಳಗೆ ನಾವೇ ಹರಡುವುದನ್ನು ತಡೆಯುವುದೇ ಕಷ್ಟ. “ಇಂಟರೆಸ್ಟಿಂಗ್ ಕೇಸ್” ಎಂದು ರೋಗಿಯ ಹೆಸರಿರುವ ಎಕ್ಸ್‌ರೇಯ ಚಿತ್ರವನ್ನು ವಾಟ್ಸಾಪ್ ಗುಂಪಿಗೆ ಹಾಕುವುದು ಎಲ್ಲೆಡೆ ನಡೆಯುತ್ತದೆ. ನಾನೂ ಒಂದು ಸಲ ಹಾಕಿದೆ, ನಲವತ್ತು ಜನರ ಗುಂಪಿಗೆ. ಅಳಿಸಿದೆ, ಆದರೆ ಅಷ್ಟರಲ್ಲಿ ಎಷ್ಟು ಫೋನುಗಳಲ್ಲಿ ಉಳಿದಿತ್ತೋ.

ರೌಂಡ್ಸ್ ಸಮಯದಲ್ಲಿ ರೋಗಿಯ ಕಾಲ ಬುಡದಲ್ಲಿ ಹತ್ತು ಜನ ನಿಂತು ಇಂಗ್ಲಿಷಿನಲ್ಲಿ ಮಾತಾಡುತ್ತೇವೆ. ಅವರಿಗೆ ಅರ್ಥವಾಗುವುದು ಎರಡೇ ಪದ, “ಕ್ಯಾನ್ಸರ್” ಮತ್ತು “ಬ್ಯಾಡ್”. ರೌಂಡ್ಸ್ ಮುಗಿದ ಮೇಲೆ ನೀನೊಬ್ಬ ಹಿಂದೆ ಉಳಿದು, ಆಗ ಆಡಿದ ಮಾತು ಇದು ಎಂದು ಎರಡು ವಾಕ್ಯದಲ್ಲಿ ಹೇಳಿದರೆ ಸಾಕು. ಚೀಫ್ ಮುಂದೆ ಹೋಗಿಬಿಟ್ಟಿರುತ್ತಾರೆ, ಓಡಿ ಹೋಗಿ ಸೇರಿಕೊಳ್ಳಬೇಕಾಗುತ್ತದೆ. ಬೈಗುಳ ಬಿದ್ದರೆ ಬೀಳಲಿ. ಒಪ್ಪಿಗೆ ಪತ್ರದ ಸಹಿಯ ವಿಷಯವೂ ಇದೇ. ಪ್ರಜ್ಞೆಯಲ್ಲಿರುವ ವಯಸ್ಕ ರೋಗಿಯ ಒಪ್ಪಿಗೆಯನ್ನು ಅವರಿಂದಲೇ ಪಡೆಯಬೇಕು, ಬೇರೆಯವರ ಸಹಿ ಸಾಲದು ಎಂಬುದು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು. ನಮ್ಮಲ್ಲಿ ಹೆಂಗಸು ಮಲಗಿದ್ದರೆ ಕಾಗದ ತಾನಾಗಿ ಗಂಡನ ಕೈಗೆ ಹೋಗುತ್ತದೆ. ಪೆನ್ನನ್ನು ಅವರ ಕೈಗೆ ಕೊಟ್ಟು, “ನಿಮಗೆ ಏನು ಮಾಡುತ್ತೇವೆಂದು ನನಗೆ ಹೇಳಿ ನೋಡೋಣ” ಎಂದು ಕೇಳಿದರೆ ಆಗ ಗೊತ್ತಾಗುತ್ತದೆ ನಾವು ವಿವರಿಸಿದ್ದು ಎಷ್ಟು ತಲುಪಿದೆ ಎಂದು. ನನಗೆ ಒಬ್ಬರು ಕೊಟ್ಟ ಉತ್ತರ: “ಹೊಟ್ಟೆ ಫೋಟೋ ತೆಗೀತೀರಿ.” ನಾವು ಮಾಡಲಿದ್ದದ್ದು ಯಕೃತ್ತಿಗೆ ಸೂಜಿ ಹಾಕಿ ಚೂರು ತೆಗೆಯುವ ಬಯಾಪ್ಸಿ.

ನಿಯಮಗಳನ್ನು ಓದಿಟ್ಟುಕೋ. 2023ರಲ್ಲಿ ಹೊಸ ವೃತ್ತಿ ನಿಯಮಾವಳಿ ಬಂದು ಕೆಲವೇ ವಾರಗಳಲ್ಲಿ ತಡೆಹಿಡಿಯಲ್ಪಟ್ಟ ಮೇಲೆ ಮತ್ತೆ 2002ರದ್ದೇ ಆಧಾರವಾಗಿ ಉಳಿದಿತ್ತು. ದಾಖಲೆಗಳನ್ನು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬುದು ಅದರಲ್ಲಿದೆ. ಕೇಸ್ ಶೀಟ್ ಕೇಳಿದವರನ್ನು ಜಗಳಗಂಟರೆಂದು ನೋಡುವ ಚಾಳಿ ನಮ್ಮಲ್ಲಿ ಬೇರೂರಿದೆ. 2019ರಿಂದ ಪಠ್ಯಕ್ರಮದಲ್ಲಿ ಸೇರಿದ ಏಟ್‌ಕಾಮ್ ತರಗತಿಗಳಲ್ಲಿ, ಅಂದರೆ ವೈದ್ಯರ ನಡವಳಿಕೆ, ನೀತಿ, ಮಾತುಕತೆಯ ಪಾಠಗಳಲ್ಲಿ, ಇದನ್ನೆಲ್ಲ ನೀವು ಚರ್ಚಿಸಿರುತ್ತೀರಿ. ಅಲ್ಲಿ ನಟಿಸಿದ ರೋಗಿ ತಾಳ್ಮೆಯಿಂದ ತನ್ನ ಸರದಿಗೆ ಕಾಯುತ್ತಾನೆ, ಇಲ್ಲಿ ಹಾಗಲ್ಲ.

2024ರ ಆಗಸ್ಟಿನಲ್ಲಿ ಕೋಲ್ಕತ್ತಾದ ಆಸ್ಪತ್ರೆಯೊಂದರಲ್ಲಿ ಡ್ಯೂಟಿಯಲ್ಲಿದ್ದ ವೈದ್ಯೆಯ ಅತ್ಯಾಚಾರ, ಕೊಲೆ ನಡೆದ ನಂತರ ನಮ್ಮ ಭಯಗಳು ಬದಲಾಗಿವೆ, ಅದನ್ನು ನಿನಗೆ ವಿವರಿಸಬೇಕಿಲ್ಲ. ರಾತ್ರಿ ಒಬ್ಬಳೇ ಲ್ಯಾಬಿಗೆ ಹೋಗುವ ಕಾರಿಡಾರಿನಲ್ಲಿ ನಾನು ಈಗಲೂ ಫೋನನ್ನು ಕೈಯಲ್ಲಿ ಹಿಡಿದು ನಡೆಯುತ್ತೇನೆ. ವೈದ್ಯರ ಮೇಲೆ ಕೈ ಮಾಡಿದರೆ ಜೈಲು ಎಂಬ 2009ರ ರಾಜ್ಯ ಕಾಯ್ದೆ ಬೇಕೇ ಬೇಕು. ಆದರೂ ಒಂದು ಮಾತು: ಎಷ್ಟೋ ಆಸ್ಪತ್ರೆಗಳಲ್ಲಿ ಗೇಟು ದಾಟಿ ಬರುವ ರೋಗಿಯ ಕಡೆಯವರು ಮೊದಲು ಓದುವ ಫಲಕವೇ ಆ ಶಿಕ್ಷೆಯದು. ವಿಚಾರಣೆಯ ಕಿಟಕಿ ಎಲ್ಲಿದೆ ಎಂಬ ಫಲಕ ಅದರ ಕಾಲು ಭಾಗದಷ್ಟೂ ಇರುವುದಿಲ್ಲ.

ನನ್ನ ಕೈಲಾಗದ್ದನ್ನೂ ಬರೆಯುತ್ತೇನೆ. ಮೂವತ್ತು ಗಂಟೆ ದಾಟಿದ ಡ್ಯೂಟಿಯಲ್ಲಿ ನಾನು ಒಳ್ಳೆಯವಳಾಗಿ ಉಳಿಯುವುದಿಲ್ಲ. ಹಸಿದಾಗ ದನಿ ಒರಟಾಗುತ್ತದೆ. ಒಂದೇ ಪ್ರಶ್ನೆಯನ್ನು ಐದನೆಯ ನೆಂಟರು ಕೇಳಿದಾಗ “ಆಗಲೇ ಹೇಳಿದೆನಲ್ಲ” ಎಂದು ಹಾಯುತ್ತೇನೆ. ಇದಕ್ಕೆ ಮನೆಯವರಲ್ಲಿ ಒಬ್ಬರನ್ನೇ ಗುರುತಿಸಿ ಎಲ್ಲವನ್ನೂ ಅವರಿಗೇ ಹೇಳುವುದೆಂದು ಒಪ್ಪಂದ ಮಾಡಿಕೊಳ್ಳುತ್ತೇನೆ, ಅರ್ಧ ಸಲ ಅದು ನಡೆಯುತ್ತದೆ. ನಿಲಯದಿಂದ ಹೊರಡುವಾಗ ಜೇಬಿನಲ್ಲಿ ಕಡಲೆಮಿಠಾಯಿ ಇಟ್ಟುಕೋ. ತಮಾಷೆಗೆ ಹೇಳುತ್ತಿಲ್ಲ.

ಕೊನೆಯದಾಗಿ ಒಬ್ಬ ಟೊಮೆಟೊ ಬೆಳೆಗಾರರ ವಿಷಯ, ಅದು ಇನ್ನೂ ಮುಗಿದಿಲ್ಲ. ಸಕ್ಕರೆ ಕಾಯಿಲೆ, ಬಲಗಾಲ ಹೆಬ್ಬೆರಳಿನ ಕೆಳಗೆ ಹುಣ್ಣು, ಕೀವು. ದಾಖಲಾದ ನಾಲ್ಕನೆಯ ದಿನ, “ಸೈನ್ ಹಾಕಿ ಹೋಗ್ತೀನಿ, ಕಳಿಸಿ” ಎಂದು ಎದ್ದು ಕೂತರು. ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇನೆ ಎಂದು ಬರೆಸಿಕೊಳ್ಳುವ ಆ ಕಾಗದವನ್ನು ನಾವು ಡಾಮಾ ಎನ್ನುತ್ತೇವೆ, ಗೊತ್ತಲ್ಲ. ಬರೆಸಿಕೊಂಡರೆ ನಮ್ಮ ಹೊಣೆ ಮುಗಿಯಿತು. ನಾನು ಕಾಗದ ತೆಗೆದೂ ಆಗಿತ್ತು, ಕಾಲು ಕಳೆದುಕೊಳ್ಳುತ್ತೀರಿ ಎಂದು ಹೆದರಿಸಿಯೂ ಆಗಿತ್ತು. ನಮ್ಮ ಅಸಿಸ್ಟೆಂಟ್ ಪ್ರೊಫೆಸರ್ ಬಂದು ಸ್ಟೂಲ್ ಎಳೆದುಕೊಂಡು ಕೂತು, “ಎಷ್ಟು ಎಕರೆ ಹಾಕಿದ್ದೀರಿ? ಲೋಡ್ ಯಾವತ್ತು?” ಎಂದು ಕೇಳಿದರು. ಅಷ್ಟಕ್ಕೇ ಎಲ್ಲವೂ ಹೊರಬಂತು. ಎರಡೂವರೆ ಎಕರೆ, ಸಾಲ ಮಾಡಿ ಕೋಲು ದಾರ ಕಟ್ಟಿಸಿದ್ದು, ಹಣ್ಣು ಕೆಂಪಾಗಿ ನಿಂತಿದೆ, ಮಗ ಬೆಂಗಳೂರಿನಲ್ಲಿ, ಕೂಲಿಯವರು ಯಜಮಾನನಿಲ್ಲದಿದ್ದರೆ ಬರುವುದಿಲ್ಲ, ಎರಡು ದಿನ ತಡವಾದರೆ ಮಂಡಿಯಲ್ಲಿ ಕೇಳುವವರಿಲ್ಲ. ಕೋಲಾರದ ಎಪಿಎಂಸಿಯ ಬೆಲೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಎಂಬುದು ಈ ಊರಿನಲ್ಲಿದ್ದು ನನಗೆ ತಿಳಿಯದ ವಿಷಯವೇನಲ್ಲ, ಆದರೆ ಅದನ್ನು ಕೇಸ್ ಶೀಟಿನ ಜೊತೆ ಸೇರಿಸಿ ಯೋಚಿಸಿರಲಿಲ್ಲ.

ಆಮೇಲೆ ಆದ ಒಪ್ಪಂದ ಇಷ್ಟು: ಮಾತ್ರೆಯಲ್ಲಿ ಕೊಡಬಹುದಾದ ಆ್ಯಂಟಿಬಯೋಟಿಕ್, ದಿನವೂ ಊರಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡ್ರೆಸ್ಸಿಂಗ್, ಬರಿಗಾಲಲ್ಲಿ ತೋಟಕ್ಕೆ ಇಳಿಯುವುದಿಲ್ಲ, ಬದುವಿನ ಮೇಲೆ ಕುರ್ಚಿ ಹಾಕಿಕೊಂಡು ಕೂತೇ ಕೊಯ್ಲು ಮಾಡಿಸುವುದು, ಜ್ವರ ಬಂದರೆ ಅದೇ ದಿನ ವಾಪಸು, ಏನಿಲ್ಲದಿದ್ದರೂ ಗುರುವಾರ ಬಂದು ತೋರಿಸುವುದು. ಇದು ಎಷ್ಟು ಸರಿ ಎಂದು ನಾನು ಅಸಿಸ್ಟೆಂಟ್ ಪ್ರೊಫೆಸರನ್ನೇ ಆಮೇಲೆ ಕೇಳಿದೆ. ಕಾಗದಕ್ಕೆ ಸಹಿ ಹಾಕಿಸಿ ಕಳಿಸಿದ್ದರೆ ಅವರು ಹೋಗುತ್ತಿದ್ದರು, ವಾಪಸು ಮಾತ್ರ ಬರುತ್ತಿರಲಿಲ್ಲ ಎಂದರು.

ಗುರುವಾರ ಅವರು ಬರಲಿಲ್ಲ. ಶುಕ್ರವಾರ ಫೋನ್ ಮಾಡಿದೆ. ಹೆಂಡತಿ ಎತ್ತಿಕೊಂಡು, ರೇಟು ಬಿದ್ದುಹೋಗಿದೆ ಮೇಡಂ, ಇನ್ನೊಂದು ಕೊಯ್ಲು ಮುಗಿಸಿ ಬರ್ತಾರಂತೆ, ಡ್ರೆಸ್ಸಿಂಗ್ ಮಾತ್ರ ತಪ್ಪಿಸಿಲ್ಲ, ಜ್ವರ ಇಲ್ಲ ಎಂದರು. ಕುರ್ಚಿ ಹಾಕಿಕೊಂಡಿದ್ದಾರಾ ಎಂದೆ. ಸ್ವಲ್ಪ ತಡೆದು, “ಮೊದಲನೇ ದಿನ ಹಾಕ್ಕೊಂಡ್ರು” ಎಂದರು. ಸೋಮವಾರ ನಮ್ಮ ಯೂನಿಟ್ಟಿನ ಒಪಿಡಿ. ಡ್ರೆಸ್ಸಿಂಗ್ ರೂಮಿನ ಪುಸ್ತಕದಲ್ಲಿ ಅವರ ಹೆಸರು ಬರೆದಿಟ್ಟು ಬಂದಿದ್ದೇನೆ.

ನಿನ್ನ ಪೋಸ್ಟಿಂಗ್ ಪಟ್ಟಿ ಬಂದ ಕೂಡಲೇ ಕಳಿಸು.

ನಿನ್ನ ಗೆಳತಿ,
ಕೋಲಾರ